ವೇಳಾಪಟ್ಟಿ ಬರೆಯುವ ಮುನ್ನ: ಮುಖ್ಯೋಪಾಧ್ಯಾಯರಿಗೆ ಒಬ್ಬ ಡ್ರಾಯಿಂಗ್ ಮಾಸ್ತರನ ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರಲ್ಲಿ ವಿನಂತಿ,

ಮೇ ತಿಂಗಳ ಕೊನೆಯ ವಾರ ನಿಮ್ಮ ಮೇಜಿನ ಮೇಲೆ ಏನು ಹರಡಿಕೊಂಡಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ದೊಡ್ಡ ಚಾರ್ಟ್ ಹಾಳೆ. ಎಡಗಡೆ ಸೋಮವಾರದಿಂದ ಶನಿವಾರ, ಮೇಲ್ಗಡೆ ಮೊದಲನೇ ಪಿರಿಯಡ್‌ನಿಂದ ಕೊನೇ ಪಿರಿಯಡ್, ನಡುವೆ ಚೌಕುಳಿ ಚೌಕುಳಿ ಮನೆಗಳು. ಮೂವತ್ತೆರಡು ವರ್ಷದಿಂದ ಆ ಚೌಕುಳಿ ಹಾಕಿ ಕೊಡುತ್ತ ಬಂದವನು ನಾನೇ. "ಮಾಸ್ತರ್, ನಿಮ್ಮ ಕೈಯಾಗ ಗೆರಿ ಸೀದಾ ಬರ್ತಾವ, ಟೈಮ್‌ಟೇಬಲ್ ಚಾರ್ಟ್ ನೀವ ಹಾಕಿಬಿಡ್ರಿ" ಅನ್ನುತ್ತಿದ್ದರು. ಹಾಕುತ್ತಿದ್ದೆ. ಕೆಂಪು ಸ್ಕೆಚ್‌ಪೆನ್ನಿನಲ್ಲಿ ಗಣಿತ, ನೀಲಿಯಲ್ಲಿ ವಿಜ್ಞಾನ, ಹಸಿರಲ್ಲಿ ಭಾಷೆ ಬರೆದು ಮುಗಿಸಿ, ಉಳಿದ ಮನೆಗಳಲ್ಲಿ ಪೆನ್ಸಿಲ್‌ನಿಂದ 'ಚಿತ್ರಕಲೆ' ಅಂತ ಬರೆಯುತ್ತಿದ್ದೆ. ಪೆನ್ಸಿಲ್ ಯಾಕೆಂದರೆ, ದೀಪಾವಳಿ ಹೊತ್ತಿಗೆ ಅಳಿಸಬೇಕಾಗುತ್ತಿತ್ತು.

ಇದೇ 31ಕ್ಕೆ ನಾನು ನಿವೃತ್ತನಾಗುತ್ತೇನೆ. ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೇನೆ. ಯಾವ ಶಾಲೆ ಅಂತ ಬರೆದರೆ ಇದು ಆ ಒಂದು ಶಾಲೆಯ ಜಗಳವಾಗಿಬಿಡುತ್ತದೆ. ಕೆಲಸ ಮಾಡಿದ ನಾಲ್ಕೂ ಶಾಲೆಗಳಲ್ಲಿ ಕಂಡದ್ದು ಒಂದೇ ಆದ್ದರಿಂದ ಹೆಸರು ಬೇಡ. ಈ ಪತ್ರವನ್ನು ಸಚಿವರಿಗೂ ಬರೆಯಬಹುದಿತ್ತು. ಹುದ್ದೆ ಮಂಜೂರು ಮಾಡುವವರು, ತುಂಬುವವರು ಮೇಲಿದ್ದಾರೆ, ಅವರಿಗೆ ಬರೆಯುವವರು ಬರೆಯುತ್ತಲೇ ಇದ್ದಾರೆ. ಆದರೆ ಇದ್ದ ಪಿರಿಯಡ್ ಉಳಿಸುವುದು, ಕಳೆಯುವುದು ನಿಮ್ಮ ಪೆನ್ನಿನಲ್ಲಿದೆ. ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕೇ ನಿಮಗೆ.

ನಾನು ಮಾಡಿದ ಕೆಲಸದ ಲೆಕ್ಕ ಮೊದಲು ಒಪ್ಪಿಸುತ್ತೇನೆ. ಆಗಸ್ಟ್ 15ಕ್ಕೆ ಬಾವುಟದ ಕಟ್ಟೆ ಸುತ್ತ ರಂಗೋಲಿ. ನವೆಂಬರ್ 1ಕ್ಕೆ ಭುವನೇಶ್ವರಿ. ಬೀಳ್ಕೊಡುಗೆ, ಸನ್ಮಾನ, ಗ್ಯಾದರಿಂಗ್ ಬ್ಯಾನರುಗಳು. ಶೌಚಾಲಯದ ಬಾಗಿಲ ಮೇಲೆ ಹುಡುಗ, ಹುಡುಗಿ ಚಿತ್ರ. ಬಿಸಿಯೂಟದ ಕೋಣೆಯ ಗೋಡೆ ಮೇಲೆ ವಾರದ ಊಟದ ಪಟ್ಟಿ. ದಾನಿಗಳ ಹೆಸರಿನ ಫಲಕ, ಅದರಲ್ಲಿ ಒಬ್ಬರ ಹೆಸರು ಕೆಳಗಾಯಿತು ಅಂತ ಮತ್ತೆ ಅಳಿಸಿ ಬರೆದದ್ದು. ಪ್ರಮಾಣಪತ್ರಗಳಲ್ಲಿ ಹೆಸರು ತುಂಬುವುದು, ಅಕ್ಷರ ದುಂಡಗಿದ್ದವನಿಗೆ ಇದು ಜೀವಾವಧಿ. ಒಮ್ಮೆ ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರೊಬ್ಬರ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ 'ತಾಯಿಯ ಆಶೀರ್ವಾದ' ಅಂತಲೂ ಬರೆದಿದ್ದೇನೆ, ಅದೂ ಶಾಲೆಯ ಹೊತ್ತಿನಲ್ಲಿ. ಇವ್ಯಾವುದಕ್ಕೂ ನನ್ನ ಬೇಸರವಿಲ್ಲ. ಬ್ರಷ್ ಹಿಡಿದವನಿಗೆ ಯಾವ ಗೋಡೆಯಾದರೂ ಗೋಡೆಯೇ. ಬೇಸರವಿರುವುದು ಒಂದೇ ವಿಷಯಕ್ಕೆ: ಇದನ್ನೆಲ್ಲ ಮಾಡುವಾಗ ಆ ಮಕ್ಕಳು ಎಲ್ಲಿದ್ದರು? ಅವರ ಡ್ರಾಯಿಂಗ್ ಪಿರಿಯಡ್‌ನಲ್ಲಿ ಗಣಿತ ನಡೆಯುತ್ತಿತ್ತು, ಇಲ್ಲವೇ ಅವರು ಗ್ರೌಂಡಿನಲ್ಲಿ ಕಲ್ಲು ಆರಿಸುತ್ತಿದ್ದರು.

ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕಗಳಲ್ಲಿ ಚಿತ್ರಕಲೆಗೆ ಒಂದೂ ಇಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಫಲಿತಾಂಶ ಇಳಿದರೆ ನೋಟಿಸು ಬರುವುದು ನಿಮಗೆ. ಒಂದು ವರ್ಷ ಹತ್ತನೇ ತರಗತಿಗೆ ನನಗೆ ವಾರಕ್ಕೊಂದು ಪಿರಿಯಡ್ ಇತ್ತು. ವರ್ಷದ ಕೊನೆಗೆ ಡೈರಿ ತೆಗೆದು ನೋಡಿದರೆ ನಾನು ನಿಜವಾಗಿ ತರಗತಿಗೆ ಹೋದದ್ದು ಹನ್ನೊಂದು ಸಲ. "ಡ್ರಾಯಿಂಗ ತಾನ ಐತಿ, ಬಿಟ್ಟುಕೊಡ್ರಿ ಮಾಸ್ತರ್" ಎಂದಾಗ ನಾನು ಬಿಟ್ಟುಕೊಟ್ಟೆ. ಗ್ರೇಡ್ ತುಂಬುವ ದಿನ ಎಲ್ಲರಿಗೂ 'ಎ' ಬರೆದೆ. ಹನ್ನೊಂದು ದಿನ ಕಲಿಸಿ ಯಾರಿಗೆ 'ಬಿ' ಕೊಡಲಿ? ಈ ಪಾಪದಲ್ಲಿ ನನ್ನ ಪಾಲೂ ಇದೆ ಅಂತ ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಡ್ರಾಯಿಂಗ್ ಮಾಸ್ತರ ಅಂದರೆ ಎಲ್ಲಿಂದ ಬಂದವನು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗಣಿತದವರನ್ನು ಬಿಎಸ್ಸಿ ಎಲ್ಲಿ ಆಯಿತು ಅಂತ ಕೇಳುತ್ತಾರೆ. ನನ್ನನ್ನು ಮಾತ್ರ "ಇದು ನಿಮಗ ಹುಟ್ಟಿನಿಂದ ಬಂದದ್ದೇನ್ರೀ?" ಅಂತ. ಹುಟ್ಟಿನಿಂದ ಯಾವುದೂ ಬಂದಿಲ್ಲ. ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ ಅಪ್ಪ ಬಡಿಗತನ ಮಾಡುತ್ತಿದ್ದ. ಬಂಡಿ, ಕೂರಿಗೆ, ಕುಂಟೆ, ಮನೆ ಕಟ್ಟುವವರಿದ್ದರೆ ಚೌಕಟ್ಟು, ಕದ. ಹಲಗೆ ಕೊಯ್ಯುವ ಮೊದಲು ಅಪ್ಪ ಒಂದು ದಾರವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದುತ್ತಿದ್ದ. ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಅವನು. ದಾರ ಬಿಗಿ ಹಿಡಿದು ನಡುವೆ ಎತ್ತಿ ಬಿಟ್ಟರೆ ಟಪ್ ಅಂತ ಹಲಗೆ ಮೇಲೆ ಒಂದು ಕೆಂಪು ಗೆರೆ. ನನ್ನ ಕೈ ಒಂದು ಕೂದಲೆಳೆ ಅಲುಗಿದರೂ ಗೆರೆ ಎರಡಾಗಿ ಮೂಡುತ್ತಿತ್ತು. ಆಗ ಅಪ್ಪ ಬೈಯುತ್ತಿರಲಿಲ್ಲ, ಸುಮ್ಮನೆ ಹಲಗೆ ಒರೆಸಿ "ಮತ್ತ ಹಿಡಿ" ಅನ್ನುತ್ತಿದ್ದ. ಗೆರೆ ಅಂದರೇನು ಅಂತ ನಾನು ಕಲಿತದ್ದು ಅಲ್ಲಿ, ಏಳೆಂಟು ವರ್ಷದವನಿದ್ದಾಗ. ಪರ್ಸ್ಪೆಕ್ಟಿವ್ ಎಂಬ ಶಬ್ದ ಆಮೇಲೆ ಬಂತು.

ಹೈಸ್ಕೂಲಿನಲ್ಲಿ ಒಬ್ಬ ಮಾಸ್ತರು ಚಿತ್ರಕಲೆಯ ಲೋಯರ್ ಪರೀಕ್ಷೆಗೆ ಕೂಡಿಸಿದರು, ಮುಂದಿನ ವರ್ಷ ಹೈಯರ್‌ಗೆ. ಫೀ ಅವರೇ ಕಟ್ಟಿದ್ದರು. ಅಲ್ಲಿಂದ ಧಾರವಾಡ. ಡಿ.ವಿ.ಹಾಲಭಾವಿಯವರು ಸ್ವಾತಂತ್ರ್ಯಕ್ಕೂ ಮುಂಚೆ ಚಿತ್ರಕಲಾ ಶಾಲೆ ಕಟ್ಟಿದ ಊರು ಅದು. ಬೆಳಿಗ್ಗೆ ಪ್ಲಾಸ್ಟರಿನ ತಲೆ, ಕೈ, ಕಾಲು ಇಟ್ಟು ಬರೆಸುತ್ತಿದ್ದರು. ಸಂಜೆ ನಾವೇ ಸಂತೆಗೆ, ಸಾಧನಕೇರಿ ದಂಡೆಗೆ ಸ್ಕೆಚ್‌ಬುಕ್ ಹಿಡಿದು ಹೋಗುತ್ತಿದ್ದೆವು. ಎಮ್ಮೆ ಬರೆಯುವುದು ಕಷ್ಟ. ನಿಂತಿದೆ ಅಂದುಕೊಂಡು ಹಿಂಗಾಲು ಬರೆಯುವುದರೊಳಗೆ ಮಲಗಿಬಿಟ್ಟಿರುತ್ತದೆ. ಅಲ್ಲಿಯ ಗುರುಗಳು ಕೆ.ಕೆ.ಹೆಬ್ಬಾರರ ಉದಾಹರಣೆ ಕೊಡುತ್ತಿದ್ದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ, ಗಣಪತಿ ಮೂರ್ತಿ ಮಾಡುವವರ ಮಗ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕೆಲವು ವರ್ಷ ಕಲಿಸಿದರು. ಆಮೇಲೆ ಪ್ಯಾರಿಸ್. ಇಷ್ಟೆಲ್ಲದರ ಜೊತೆಗೆ ಲಯವನ್ನು ಮೈಯಲ್ಲೇ ತಿಳಿಯಬೇಕೆಂದು ಕಥಕ್ ಕಲಿಯಲು ನಿಂತವರು. ಕಲಿಸುವವನೂ ಕಲಿಯುತ್ತಲೇ ಇರಬೇಕಾದ ಕಸುಬು ಇದು ಅಂತ ಗುರುಗಳು ಹೇಳಿದ್ದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.

ಈಗ ನೀರಿನ ಕಥೆ. ಇದು ನಿಮ್ಮಲ್ಲಿ ಹಲವರ ಕಥೆಯೂ ಹೌದು.

ನಾನು ಕೆಲಸಕ್ಕೆ ಸೇರಿದ್ದು 1994ರಲ್ಲಿ. ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು, 1997ರಲ್ಲಿ ಬೇರೆ ಜಿಲ್ಲೆಯಾಯಿತು. ಕೃಷ್ಣೆಗೆ ಕಟ್ಟುತ್ತಿದ್ದ ಆಲಮಟ್ಟಿ ಅಣೆಕಟ್ಟು ಏರುತ್ತಿತ್ತು. ನಮ್ಮ ಊರಿನ ಮನೆಗಳನ್ನು ಅಳೆಯಲು ಬಂದವರು ಪ್ರತಿ ಮನೆಗೂ ಒಂದು ಪಟ್ಟಿ ಮಾಡಿದರು: ತೊಲೆ ಇಷ್ಟು, ಜಂತಿ ಇಷ್ಟು, ಕಂಬ ಇಷ್ಟು, ಬಾಗಿಲು ಇಷ್ಟು, ಕಿಟಕಿ ಇಷ್ಟು. ಅಪ್ಪ ಕೆತ್ತಿದ ಬಾಗಿಲು, ಪೇಟೆಯಿಂದ ತಂದ ಪ್ಲೈವುಡ್ ಬಾಗಿಲು ಎರಡೂ ಆ ಪಟ್ಟಿಯಲ್ಲಿ 'ಬಾಗಿಲು: 1'. ಅವರ ತಪ್ಪಲ್ಲ, ಕಾಲಂ ಇದ್ದದ್ದು ಹಾಗೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರದಿಂದ ಡ್ರಾಯಿಂಗ್ ಹಾಳೆ, 2ಬಿ, 6ಬಿ ಪೆನ್ಸಿಲ್ ಹಿಡಿದು ಊರಿನ ಬಾಗಿಲುಗಳನ್ನು ಬರೆಯಲು ಕೂತೆ. ಒಂದು ಮನೆಗೆ ಒಂದು ಭಾನುವಾರ. ಗಣೇಶಪಟ್ಟಿ, ಅದರ ಮೇಲೆ ವರ್ಷವರ್ಷದ ಸುಣ್ಣ ಕೂತು ಮೂಗು ಸವೆದ ಗಣಪ. ಚಿಲಕದ ಸರಪಳಿ ಬಡಿದು ಬಡಿದು ಕದದ ಮೇಲೆ ಆದ ಅರ್ಧಚಂದ್ರದ ಕುಳಿ. ಹೊಸ್ತಿಲಿನ ನಡುವೆ ಕಾಲು ಬಿದ್ದು ಬಿದ್ದು ತಗ್ಗಾದ ಜಾಗ. "ಮನ್ಯಾಗಿನ ಮಂದೀನ ಬಿಟ್ಟು ಬಾಗಿಲಾ ಯಾಕ ಬರೀತಿಯೋ?" ಅಂತ ಅವ್ವಗಳು ನಗುತ್ತಿದ್ದರು. ನೀರು ಬರುವ ಹೊತ್ತಿಗೆ ನಲವತ್ಮೂರು ಬಾಗಿಲು ಆಗಿದ್ದವು.

ಮಂದಿ ಚೌಕಟ್ಟು, ಕದ, ತೊಲೆ ಕಿತ್ತುಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ಬಾಗಿಲಿಲ್ಲದ ಊರು ಕೆಲವು ತಿಂಗಳು ಹಾಗೇ ನಿಂತಿತ್ತು, ಹಲ್ಲು ಬಿದ್ದ ಬಾಯಿಯಂತೆ. ಆಮೇಲೆ ಹಿನ್ನೀರು ಹೊಕ್ಕಿತು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 524.256ಕ್ಕೆ ಒಪ್ಪಿಗೆ ಕೊಟ್ಟಿದೆ, ಅಂದರೆ ಬರೆಯಬೇಕಾದ ಬಾಗಿಲುಗಳು ಇನ್ನೂ ಇವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೇ ಊರಿನ ಬುನಾದಿ ಕಲ್ಲು ಕಾಣುತ್ತವೆ. ಏಪ್ರಿಲ್, ಮೇ ರಜೆಯಲ್ಲಿ ನಾನು ಅಲ್ಲಿಗೆ ಹೋಗುತ್ತೇನೆ. ಅಲ್ಲಿಯ ರಾಡಿ ಒಣಗಿಸಿ, ಅರೆದು, ಗೋಂದು ಬೆರೆಸಿ ಬಣ್ಣ ಮಾಡಿಕೊಳ್ಳುತ್ತೇನೆ. ಎರೆಮಣ್ಣಿನಿಂದ ಬರುವ ಕಪ್ಪು ಅಂಗಡಿಯ ಕಪ್ಪಿನ ಹಾಗಲ್ಲ, ಒಣಗಿದ ಮೇಲೆ ಸ್ವಲ್ಪ ಬೂದಿಗೆ ತಿರುಗುತ್ತದೆ. ಕೆಂಪು ಬೇಕಾದರೆ ಕೆಮ್ಮಣ್ಣು ಇದ್ದೇ ಇದೆ, ಅಪ್ಪನ ದಾರದ್ದು. ಇಷ್ಟೇ ನನ್ನ ಕಲೆ. ಮೂವತ್ತು ವರ್ಷದಿಂದ ಬಾಗಿಲು ಬರೆಯುತ್ತಿದ್ದೇನೆ, ಬೇರೇನೂ ಬರೆಯಲು ತೋಚಿಲ್ಲ.

ಒಂದು ಜನವರಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ಕುಮಾರಕೃಪಾ ರಸ್ತೆಯ ಫುಟ್‌ಪಾತಿನ ಮೇಲೆ ಹತ್ತು ಬಾಗಿಲು ನಿಲ್ಲಿಸಿಕೊಂಡು ಕೂತೆ. ಮಧ್ಯಾಹ್ನದವರೆಗೆ ಯಾರೂ ನಿಲ್ಲಲಿಲ್ಲ. ಊಟದ ಹೊತ್ತಿಗೆ ಒಬ್ಬ, ಪ್ಯಾಂಟಿಗೆ ಸಿಮೆಂಟ್ ಮೆತ್ತಿಕೊಂಡವನು, ನಾಲ್ಕನೇ ಚಿತ್ರದ ಮುಂದೆ ನಿಂತ. ತುಂಬ ಹೊತ್ತು ನಿಂತ. ಆಮೇಲೆ "ಇದು ಅಗಸಿ ಬಾಜೂಕಿನ ಮನಿ ಬಾಗ್ಲ ಅಲ್ಲೇನ್ರೀ?" ಅಂದ. ಹೌದು ಅಂದೆ. ನಮ್ಮ ಊರಿನವನೇ, ಹುಡುಗನಿದ್ದಾಗ ಊರು ಬಿಟ್ಟು ಕಟ್ಟಡ ಕೆಲಸಕ್ಕೆ ಬಂದವನು. ನನಗೆ ಖುಷಿಯಾಗಿ ಚಾ ತರಿಸಲು ಹೊರಟೆ. ಅವನು ಚಿತ್ರದಿಂದ ಕಣ್ಣು ಕೀಳದೆ ಅಂದ: "ಆದ್ರ ಚಿಲಕ ಈ ಕಡಿ ಇರಲಿಲ್ಲರೀ. ಎಡಗಡಿ ಇತ್ತು."

ನಾನು ವಾದಿಸಿದೆ. ಕಣ್ಣಾರೆ ನೋಡಿ ಬರೆದದ್ದು, ಇಡೀ ಭಾನುವಾರ ಕೂತಿದ್ದೆ ಅಂದೆ. ಅವನು ನಕ್ಕು ಹೋದ. ಊರಿಗೆ ಬಂದವನೇ ಪುನರ್ವಸತಿ ಕೇಂದ್ರಕ್ಕೆ ಹೋಗಿ ಆ ಮನೆ ಹುಡುಕಿದೆ. ಮುಂಬಾಗಿಲಿಗೆ ಈಗ ಕಬ್ಬಿಣದ ಗೇಟು. ಹಳೇ ಕದ ದನದ ಕೊಟ್ಟಿಗೆಯಲ್ಲಿ ಗೋದಲಿಯ ಪಕ್ಕ ಒರಗಿಸಿದ್ದರು. ಚಿಲಕ ಎಡಗಡೆಯೇ ಇತ್ತು. ಅವನು ಆ ಬಾಗಿಲನ್ನು ದಿನಾ ತೆರೆದವನು, ಎಡಗೈಯಲ್ಲಿ ತೆರೆದ ನೆನಪು ಅವನ ಕೈಗಿತ್ತು. ನಾನು ಚಂದ ಕಾಣಲಿ ಅಂತ ಬಲಕ್ಕೆ ಬರೆದಿದ್ದೆನೋ, ಬೇರೆ ಮನೆಯ ಚಿಲಕವನ್ನು ಇಲ್ಲಿಗೆ ತಂದಿದ್ದೆನೋ, ಇವತ್ತಿಗೂ ತಿಳಿದಿಲ್ಲ. ಚಿತ್ರ ತಿದ್ದಿಲ್ಲ. ಕೆಳಗೆ 'ಚಿಲಕ ಎಡಕ್ಕೆ' ಅಂತ ಬರೆದು ಇಟ್ಟಿದ್ದೇನೆ.

ಇಷ್ಟುದ್ದ ಹೇಳಿದ್ದು ಯಾಕೆಂದರೆ ಆ ಜೂನ್‌ನಿಂದ ನನ್ನ ಪಾಠ ಬದಲಾಯಿತು. ಅದಕ್ಕೂ ಮುಂಚೆ ನಾನು ಕಲಿಸುತ್ತಿದ್ದದ್ದು ಎಲ್ಲರೂ ಕಲಿಸುವಂಥದ್ದೇ. ಬೋರ್ಡಿನ ಮೇಲೆ ನಾನು ಹೂದಾನಿ ಬರೆಯುವುದು, ಮಕ್ಕಳು ಅದನ್ನು ನೋಡಿ ಬರೆಯುವುದು. ಮಕ್ಕಳ ಹಾಳೆಯ ಮೇಲೆ ನನ್ನ ಗೆರೆ ಎಳೆದು ತಿದ್ದುವ ಚಟವೂ ಇತ್ತು. ಒಬ್ಬ ಹುಡುಗ ನಾನು ತಿದ್ದಿದ ಗೆರೆಯನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ಹರಿದೇಬಿಟ್ಟ, ಅವನಿಗೆ ತನ್ನದೇ ಡೊಂಕು ಗೆರೆ ವಾಪಸ್ ಬೇಕಿತ್ತು. ಅವತ್ತು ಅವನಿಗೆ ಬೈದೆ. ಈಗ ಅವನು ಎಲ್ಲಿದ್ದಾನೋ.

ಎಂಟನೇ ತರಗತಿಗೆ ಬರುವ ಮಕ್ಕಳಿಗೆ ಏನಾದರೂ ಬರೀರಿ ಅಂತ ಹಾಳೆ ಕೊಟ್ಟು ನೋಡಿ. ನೂರಕ್ಕೆ ತೊಂಬತ್ತು ಮಂದಿ 'ಸೀನರಿ' ಬರೆಯುತ್ತಾರೆ. ಎರಡು ತ್ರಿಕೋನದ ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದಿಂದ ಇಳಿಯುವ ನದಿ, ಒಂದು ತೆಂಗಿನ ಮರ, ಓರೆ ಸೂರಿನ ಹಂಚಿನ ಮನೆ, ಆಕಾಶದಲ್ಲಿ ಇಂಗ್ಲಿಷ್ ವಿ ಅಕ್ಷರದ ಹಕ್ಕಿಗಳು. ನಮ್ಮ ಸೀಮೆಯಲ್ಲಿ ಆ ಗುಡ್ಡವಿಲ್ಲ, ಆ ಹಂಚಿನ ಮನೆಯಿಲ್ಲ. ಮಾಳಿಗೆ ಮನೆ, ಪತ್ರಾಸಿನ (ತಗಡಿನ) ಮನೆ, ಆರ್‌ಸಿಸಿ ಮನೆಯಿಂದ ಬರುವ ಮಕ್ಕಳು ಇವರು. ಚಿತ್ರ ಅಂದರೆ ತಮ್ಮ ಕಣ್ಣೆದುರು ಇಲ್ಲದ್ದು ಅಂತ ಯಾರೋ ಅವರಿಗೆ ಕಲಿಸಿಬಿಟ್ಟಿದ್ದಾರೆ.

ಹಾಗಾಗಿ ನಾನು ಎಂಟನೇ ತರಗತಿಗೆ ಕೊಡುವ ದೊಡ್ಡ ಪಾಠ ಒಂದೇ. ನಿಮ್ಮ ಮನೆಯ ಬಾಗಿಲನ್ನು ನೆನಪಿನಿಂದ ಬರೀರಿ. ಹಾಳೆ ಇಸಿದುಕೊಳ್ಳುತ್ತೇನೆ. ಮನೆಗೆ ಹೋಗಿ ಒಂದು ವಾರ ಬಾಗಿಲನ್ನು ನೋಡಿ ಬನ್ನಿ ಅನ್ನುತ್ತೇನೆ, ಬರೆಯುವಂತಿಲ್ಲ, ನೋಡುವುದಷ್ಟೇ. ಆಮೇಲೆ ಎರಡನೇ ಹಾಳೆ. ಎರಡನ್ನೂ ಒಂದೇ ಪಿನ್ನಿಗೆ ಚುಚ್ಚಿ ಇಡುತ್ತೇನೆ.

ಒಬ್ಬ ಹುಡುಗಿಯ ಹಾಳೆ ಹೇಳುತ್ತೇನೆ. ಮೊದಲನೆಯದು ಟಿವಿ ಧಾರಾವಾಹಿಯ ಬಾಗಿಲು, ಎರಡು ಕದ, ಬಂಗಾರದ ಬಣ್ಣದ ದುಂಡು ಹಿಡಿ. ಎರಡನೆಯದರಲ್ಲಿ ಪತ್ರಾಸಿನ ಒಂಟಿ ಕದ. ಮೇಲಿನ ಬಿಜಾಗರಿ ಹೋಗಿದೆ, ಬದಲಿಗೆ ಸೈಕಲ್ ಟ್ಯೂಬಿನ ತುಂಡು ಮೊಳೆ ಹೊಡೆದು ಕೂಡಿಸಿದ್ದಾರೆ. ಕೆಳಗೆ ಮೂಲೆಯಲ್ಲಿ ಪತ್ರಾಸು ಮಡಚಿಕೊಂಡಿದೆ, ಕರು ಕಾಲಿಟ್ಟದ್ದು. ಹೊಸ್ತಿಲ ಮೇಲೆ ಅರಿಶಿನ ಕುಂಕುಮದ ಐದು ಬೊಟ್ಟು, ಅವುಗಳಲ್ಲಿ ಒಂದು ಅರ್ಧ ಅಳಿಸಿದೆ. ಕದದ ಮೇಲೆ ಸೀಮೆಸುಣ್ಣದಲ್ಲಿ 'ಪಿ' ಅಂತ ಇಂಗ್ಲಿಷ್ ಅಕ್ಷರ ಮತ್ತು ಒಂದು ತಾರೀಖು. ಅದೇನು ಅಂತ ಕೇಳಿದೆ. "ಪೋಲಿಯೋದವ್ರು ಬರದ್ ಹೋಗ್ಯಾರ್ರಿ ಸರ್, ತಮ್ಮಗ ಹನಿ ಹಾಕಿದ್ದಕ್ಕ." ಅವಳಿಗೆ ಗೆರೆ ಎಳೆಯಲು ಬರುತ್ತಿರಲಿಲ್ಲ ಅಂತಲೇ ಹೇಳಬೇಕು. ಆದರೆ ಆ ಹಾಳೆಯಲ್ಲಿ ಒಂದು ಮನೆ ಇತ್ತು. ಅದೇ ವರ್ಷ ಅವಳ ವಿಜ್ಞಾನದ ಮೇಡಂ ಸ್ಟಾಫ್ ರೂಮಿನಲ್ಲಿ, ಈ ಹುಡುಗಿ ಪ್ರಯೋಗದಲ್ಲಿ ಕಂಡದ್ದನ್ನು ಕಂಡಂತೆ ಬರೆಯುತ್ತಾಳೆ, ಗೈಡಿನಿಂದ ಇಳಿಸುವುದಿಲ್ಲ ಅಂದರು. ನನ್ನ ಪಾಠದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು.

ಬಾದಾಮಿಗೆ ಕರೆದುಕೊಂಡು ಹೋಗುತ್ತೇನೆ. ಪ್ರವಾಸ ಅಂದರೆ ಎಲ್ಲ ಶಾಲೆಯವರೂ ಹೋಗುತ್ತಾರೆ, ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಗ್ರೂಪ್ ಫೋಟೊ, ಮಂಗಗಳಿಗೆ ಹೆದರಿ ಓಟ, ಮುಂದೆ ಬನಶಂಕರಿಯಲ್ಲಿ ಊಟ. ನಾನು ಮೂರನೇ ಗುಹೆಯಲ್ಲಿ ಕೂಡಿಸುತ್ತೇನೆ. ಚಾಲುಕ್ಯ ಮಂಗಲೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನ ಅಲ್ಲೇ ಇದೆ. ಅಲ್ಲಿ ಮೇಲೆ, ಬಾಗಿದ ಕಪೋತದ, ಅಂದರೆ ಸೂರಿನ ಅಂಚಿನ ಒಳಮೈಯಲ್ಲಿ, ವರ್ಣಚಿತ್ರದ ತುಣುಕುಗಳು ಉಳಿದಿವೆ. ತೋರಿಸಿದ ಕೂಡಲೇ ಮಕ್ಕಳು ಅನ್ನುವುದು ಒಂದೇ: "ಸರ್, ಅಲ್ಲೇನೂ ಇಲ್ಲಲ್ರೀ." ಹತ್ತು ನಿಮಿಷ ಮಾತಾಡದೆ ನೋಡಿ ಅನ್ನುತ್ತೇನೆ. ಐದು ನಿಮಿಷ ಗುದ್ದಾಟ, ಕಿಸಿಕಿಸಿ. ಆಮೇಲೆ ಯಾವುದೋ ಮೂಲೆಯಿಂದ ಒಂದು ದನಿ: "ಒಂದು ಮಾರಿ ಕಾಣಾಕತ್ತೈತ್ರಿ." ಆಮೇಲೆ ಇನ್ನೊಬ್ಬಳು: "ಕೈ ಐತ್ರಿ ಅಲ್ಲಿ." ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಹರಡುತ್ತದೆ. ಗೋಡೆ ಬದಲಾಗಿರುವುದಿಲ್ಲ. ಇದೇ ಬಾದಾಮಿಯ ಆರ್.ಎಂ.ಹಡಪದ ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿ ಬದುಕಿಡೀ ಕಲಿಸಿದರು. ಇವತ್ತು ಪ್ರಪಂಚದ ದೊಡ್ಡ ಪ್ರದರ್ಶನಗಳಲ್ಲಿ ಹೆಸರಿರುವ ಶೀಲಾ ಗೌಡ ಕಲಿತದ್ದು ಅಲ್ಲಿ. ಮಕ್ಕಳಿಗೆ ಇದನ್ನು ಹೇಳಿದಾಗ "ಇದ ಬಾದಾಮಿಯವ್ರೇನ್ರೀ?" ಅಂತ ಒಮ್ಮೆ ಊರಿನ ಕಡೆ ತಿರುಗಿ ನೋಡುತ್ತಾರೆ.

ನೀವು ಕೇಳಬಹುದು, ಎಲ್ಲ ಸರಿ ಮಾಸ್ತರ್, ಇದರಿಂದ ಏನು ಬರುತ್ತದೆ ಅಂತ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಾವೆಲ್ಲ ನಿಂತು ಸಂವಿಧಾನದ ಪೀಠಿಕೆ ಓದಿಸುತ್ತೇವಲ್ಲ, ಆಫೀಸಿನ ಗೋಡೆಗೆ ಅದರ ಮೂಲ ಪ್ರತಿಯ ಫೋಟೊ ತೂಗುಹಾಕಿರುತ್ತೇವಲ್ಲ, ಅದರ ಸುತ್ತಲಿನ ಅಂಚನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಆ ಅಂಚು ಬರೆದವರು ಬೆವಹಾರ್ ರಾಮಮನೋಹರ ಸಿನ್ಹಾ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರ ಶಿಷ್ಯ. ಅಕ್ಷರ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರ ಕೈಬರಹ. ದೇಶದ ಸಂವಿಧಾನವನ್ನು ಚಿತ್ರದಿಂದ ಅಲಂಕರಿಸುವ ಕೆಲಸ ಬಂದಾಗ ಅದು ಹೋದದ್ದು ಒಬ್ಬ ಡ್ರಾಯಿಂಗ್ ಮಾಸ್ತರರಿಗೆ ಮತ್ತು ಅವರ ತರಗತಿಗೆ. ಪೀಠಿಕೆಯನ್ನು ಓದಿಸಿ, ಎರಡು ತಾಸು ಬಿಟ್ಟು ಅದೇ ಕಲೆಯ ಪಿರಿಯಡ್ ಅಳಿಸುತ್ತೇವೆ. ನನಗಿದು ತಮಾಷೆಯಾಗಿ ಕಾಣುತ್ತದೆ, ನಿಮಗೆ ಹೇಗೋ.

ಕಾಯ್ದೆಯ ಮಾತು ನನಗೆ ಅಷ್ಟು ರುಚಿಸುವುದಿಲ್ಲ, ಆದರೂ ಒಂದೆರಡು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಲಿ ಎಂದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ ಬರೆದಿದೆ. ನನ್ನ ತರಗತಿಗೆ ಬಂದ ಮಕ್ಕಳಲ್ಲಿ ಅಂಥ ಬೋಧಕರನ್ನು ಕಂಡು ಬಂದವರು ಬೆರಳೆಣಿಕೆಯಷ್ಟು. ಹೈಸ್ಕೂಲಿನ ವಾರಕ್ಕೊಂದು ನಲವತ್ತು ನಿಮಿಷವೇ ಉಳಿದವರಿಗೆ ಮೊದಲ ಪಿರಿಯಡ್ಡು, ಬಹುಶಃ ಕೊನೆಯದೂ.

ನನ್ನ ಜಾಗಕ್ಕೆ ಯಾರಾದರೂ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬಂದರೆ, ಆ ಹುಡುಗನಿಗೋ ಹುಡುಗಿಗೋ ಮೊದಲ ದಿನವೇ ಬ್ಯಾನರ್ ಬಟ್ಟೆ ಕೊಡಬೇಡಿ. ಬ್ಯಾನರನ್ನು ಈಗ ಪೇಟೆಯಲ್ಲಿ ಫ್ಲೆಕ್ಸಿನವರು ಅರ್ಧ ತಾಸಿನಲ್ಲಿ ತೆಗೆದುಕೊಡುತ್ತಾರೆ. ಅವರು ತಾವೇ ಏನಾದರೂ ಬರೆಯುತ್ತಿದ್ದಾರಾ ಅಂತ ವರ್ಷಕ್ಕೊಮ್ಮೆಯಾದರೂ ಕೇಳಿ, ಪ್ರದರ್ಶನಕ್ಕೆ ಹೋಗುತ್ತೇವೆ ಅಂದರೆ ಎರಡು ದಿನ ರಜೆ ಕೊಡಿ. ಬರೆಯುವುದು ಬಿಟ್ಟ ಡ್ರಾಯಿಂಗ್ ಮಾಸ್ತರ ಹೂದಾನಿಗೆ ವಾಪಸ್ ಹೋಗಿಬಿಡುತ್ತಾನೆ, ನನ್ನನ್ನೇ ನೋಡಿದ್ದೇನೆ. ಯಾರೂ ಬರದಿದ್ದರೆ, ಪಿರಿಯಡ್ ಮಾತ್ರ ಪಟ್ಟಿಯಿಂದ ತೆಗೆಯಬೇಡಿ. ಊರಲ್ಲಿ ಬಡಿಗೇರ ಇರುತ್ತಾನೆ, ಕುಂಬಾರ ಇರುತ್ತಾನೆ, ಕಸೂತಿ ಹಾಕುವ ಅಜ್ಜಿ ಇರುತ್ತಾಳೆ, ಕರೆಸಿ ಕೂಡಿಸಿ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಎರಡು ಪುಟ್ಟಿ ಎರೆಮಣ್ಣು ತರಿಸಿ ಮಕ್ಕಳ ಮುಂದಿಟ್ಟರೆ ಸಾಕು, ಮಾಸ್ತರೇ ಬೇಕಾಗುವುದಿಲ್ಲ. ಎತ್ತಿನ ಕಣ್ಣಿಗೆ ಗುಲಗಂಜಿ ಎಲ್ಲಿ ಸಿಗುತ್ತದೆ ಅಂತ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮತ್ತೆ, ಚಿತ್ರಕಲೆಯನ್ನು ಶನಿವಾರದ ಕೊನೇ ಪಿರಿಯಡ್ಡಿಗೆ ಹಾಕಬೇಡಿ. ಗಂಟೆ ಹೊಡೆಯುವುದನ್ನೇ ಕಾಯುವವರ ಕೈಯಲ್ಲಿ ಗೆರೆ ಬರುವುದಿಲ್ಲ. ವಾರದ ನಡುವೆ, ಊಟಕ್ಕೆ ಮುಂಚೆ ಎಲ್ಲಾದರೂ ಹಾಕಿ. ದಯವಿಟ್ಟು ಸ್ಕೆಚ್‌ಪೆನ್ನಿನಲ್ಲಿ ಬರೆಯಿರಿ.

ನನ್ನ ಶಾಲೆಯ ಮುಖ್ಯೋಪಾಧ್ಯಾಯರು ಇದನ್ನು ಓದಿದರೆ ಅವರಿಗೊಂದು ಮಾತು ಬೇರೆ. ಡ್ರಾಯಿಂಗ್ ಕೋಣೆಯ ಕಬ್ಬಿಣದ ಕಪಾಟಿನ ಕೀಲಿಯನ್ನು ಆಫೀಸಿನಲ್ಲಿ ಕೊಟ್ಟಿದ್ದೇನೆ, ಕೆಂಪು ದಾರ ಕಟ್ಟಿದ್ದು. ಮೇಲಿನ ಖಾನೆಯಲ್ಲಿ ಹಿಂದಿನ ವರ್ಷಗಳ ಜೋಡಿ ಹಾಳೆಗಳಿವೆ, ಗೆದ್ದಲು ಹತ್ತದಂತೆ ಬೇವಿನ ಎಲೆ ಇಟ್ಟಿದ್ದೇನೆ, ವರ್ಷಕ್ಕೊಮ್ಮೆ ಬದಲಿಸಬೇಕು. ನಡುವಿನ ಖಾನೆಯಲ್ಲಿ ಹದಿನಾಲ್ಕು ಬ್ರಷ್, ಒಂದೂವರೆ ದಸ್ತು ಡ್ರಾಯಿಂಗ್ ಹಾಳೆ. ಕೆಳಗಿನ ಖಾನೆಯಲ್ಲಿ ಈಗ ಎಂಟು ಮುಗಿಸಿ ಒಂಬತ್ತಕ್ಕೆ ಬರುತ್ತಿರುವ ಐವತ್ತೆರಡು ಮಕ್ಕಳ ಬಾಗಿಲುಗಳಿವೆ. ಈ ವರ್ಷ ಆ ಪಾಠ ಫೆಬ್ರುವರಿಗೆ ಬಿತ್ತು. ನೆನಪಿನಿಂದ ಬರೆದ ಮೊದಲ ಹಾಳೆ ಆಯಿತು, ಮನೆಗೆ ಹೋಗಿ ನೋಡಿಯೂ ಬಂದರು, ಅಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಅಂತ ಪಿರಿಯಡ್ ಹೋಯಿತು. ಎರಡನೇ ಹಾಳೆ ಬಾಕಿ ಇದೆ. ಜೂನ್‌ನಲ್ಲಿ ಅವರಿಗೆ ಎರಡು ಪಿರಿಯಡ್ ಸಾಕು. ಹೆಸರು ಪ್ರತಿ ಹಾಳೆಯ ಹಿಂದೆ ಇದೆ, ಪಿನ್ನಿನ ಡಬ್ಬಿ ಪಕ್ಕದಲ್ಲೇ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರಕಲಾ ಶಿಕ್ಷಕ, ಬಾಗಲಕೋಟೆ ಜಿಲ್ಲೆ